ಶಾಂಪೂ ಎಂಬ ಅಪ್ಪಣೆ

ಪೆಟ್ಟಿಗೆ ಅಂಗಡಿಯ ಮುಂದೆ ಉದ್ದುದ್ದ ಸರವಾಗಿ ತೂಗುವ ಶಾಂಪೂ ಪ್ಯಾಕೆಟ್ಟುಗಳ ಮೇಲಿನ ಪದ ಹುಟ್ಟಿನಿಂದ ನಾಮಪದವಲ್ಲ, ಕ್ರಿಯಾಪದ; ಅದೂ ಆಜ್ಞಾರ್ಥಕ. ಹಿಂದಿಯಲ್ಲಿ 'ಚಾಂಪ್ನಾ' ಎಂದರೆ ಒತ್ತುವುದು, ಅಮುಕುವುದು. 'ಚಾಂಪೋ' ಎಂದರೆ 'ಒತ್ತು'. ಕೂದಲು, ನೊರೆ, ಪರಿಮಳ ಯಾವುದೂ ಮೂಲದಲ್ಲಿಲ್ಲ. ಇದ್ದದ್ದು ದಣಿದ ಮೈ, ಅದನ್ನು ಒತ್ತುವ ಇನ್ನೊಬ್ಬರ ಕೈ. ಸಂಪಿಗೆಯ ಎಣ್ಣೆಯಿಂದ, ಅಂದರೆ 'ಚಂಪಾ'ದಿಂದ ಈ ಪದ ಬಂತು ಎನ್ನುವವರಿದ್ದಾರೆ. ಕೇಳಲು ಚೆನ್ನಾಗಿದೆ, ನಂಬಬೇಕಿಲ್ಲ. ಕ್ರಿಯಾಪದವೇ ಎದುರಿಗೆ ನಿಂತಿರುವಾಗ ಹೂವಿನ ಗಿಡ ಅಲ್ಲಾಡಿಸುವುದೇಕೆ?

ಈ ನಂಟನ್ನು ಹೆನ್ರಿ ಯೂಲ್ ಮತ್ತು ಎ. ಸಿ. ಬರ್ನೆಲ್ ಅವರ 'ಹಾಬ್ಸನ್-ಜಾಬ್ಸನ್' ನಿಘಂಟು 1886ರಲ್ಲೇ ಹೇಳಿತ್ತು. (ಬರ್ನೆಲ್ ನಮಗೆ ತೀರ ಹೊರಗಿನವನಲ್ಲ, ದಕ್ಷಿಣ ಭಾರತದ ಲಿಪಿಗಳ ಬಗೆಗಿನ ಅವನ ಪುಸ್ತಕ 1874ರಲ್ಲಿ ಅಚ್ಚಾದದ್ದು ಮಂಗಳೂರಿನಲ್ಲಿ.) ದಣಿವು ಕಳೆಯಲು ಮಾಂಸಖಂಡಗಳನ್ನು ನಾದಿ ಒತ್ತುವುದು ಎಂಬುದೇ ಅಲ್ಲಿ ಶಾಂಪೂವಿನ ಅರ್ಥ. ನಿಘಂಟಿನ ಪುಟ ತಿರುವುತ್ತ ಹೋದರೆ ಇದರ ಒಡಹುಟ್ಟುಗಳೂ ಸಿಗುತ್ತವೆ. ಪಕಡಾವೋ, ಬನಾವೋ, ಲಗಾವೋ, ಫುಸಲಾವೋ, ಘಬರಾವೋ ಎಲ್ಲವೂ ಉಚ್ಚಾರ ಕೆಟ್ಟು, ಈಸ್ಟ್ ಇಂಡಿಯಾ ಕಂಪನಿಯವರ ಇಂಗ್ಲಿಷಿನಲ್ಲಿ ಕ್ರಿಯಾಪದಗಳಾಗಿ ಓಡಾಡಿದವು. ಸಾಹೇಬರು ಹಿಂದಿಯಲ್ಲಿ ಕೇಳಿದ್ದಕ್ಕಿಂತ ಹೇಳಿದ್ದು ಹೆಚ್ಚು, ಹೇಳಿದ್ದೆಲ್ಲ ಅಪ್ಪಣೆ. ಹಿಡಿಸು, ಮಾಡು, ಹಚ್ಚು, ಒತ್ತು. ಧಾತುವನ್ನು ಬಿಟ್ಟು ಆಜ್ಞಾರ್ಥಕ ರೂಪವನ್ನೇ ಹೆಕ್ಕಿಕೊಂಡು ಹೋದ ಎರವಲು ಇದು. ಕೊಟ್ಟವರೂ ಕೊಂಡವರೂ ಯಾವ ನಿಲುವಿನಲ್ಲಿ ಭೇಟಿಯಾದರು ಎಂಬುದನ್ನು ಪದವೇ ಸಾಕ್ಷಿ ಹೇಳುತ್ತದೆ.

ಇಂಗ್ಲಿಷಿನಲ್ಲಿ ಈ ಪದದ ಮೊದಲ ದಾಖಲೆ 1762ರಲ್ಲಿ ಅಚ್ಚಾದ ಒಂದು ಪ್ರವಾಸಕಥನದಲ್ಲಿದೆ. ತಮಾಷೆಯೆಂದರೆ ಆ ಲೇಖಕ ಮೈ ಒತ್ತಿಸಿಕೊಂಡದ್ದು ಚೀನೀಯರ ಕೈಯಲ್ಲಿ. ಯುರೋಪಿನವರಿಗೆ ಗೊತ್ತಿಲ್ಲದ ಈ ವಿದ್ಯೆ ಚೀನೀಯರಿಗೇ ಮೀಸಲು ಎಂದು ಬರೆದುಬಿಟ್ಟ. ತನಗಿಂತ ಮೊದಲು ಕೆಲವು ವರ್ತಕರು ಒತ್ತಿಸಿಕೊಂಡು ಎದ್ದುಬಂದದ್ದನ್ನು ನೋಡಿರದಿದ್ದರೆ ಅಲ್ಲಿದ್ದ ಉಪಕರಣಗಳನ್ನು ಕಂಡೇ ಹೆದರುತ್ತಿದ್ದನಂತೆ.

ನಮ್ಮಲ್ಲಿ ಈ ಕಸುಬಿಗೆ ಇನ್ನೂ ಹಳೆಯ, ಗಂಭೀರವಾದ ಹೆಸರಿತ್ತು: ಸಂವಾಹನ. ಶೂದ್ರಕನ 'ಮೃಚ್ಛಕಟಿಕ'ದ ಎರಡನೆಯ ಅಂಕದಲ್ಲಿ, ಜೂಜಿನಲ್ಲಿ ಸೋತು ಸಾಲಗಾರರಿಂದ ತಪ್ಪಿಸಿಕೊಂಡು ಓಡಿಬರುವವನೊಬ್ಬನಿದ್ದಾನೆ. ನಾಟಕ ಅವನಿಗೆ ಬೇರೆ ಹೆಸರೇ ಇಡುವುದಿಲ್ಲ. ಸಂವಾಹಕ, ಮೈ ಒತ್ತುವವನು, ಅಷ್ಟೇ. ಹುಟ್ಟಿದ್ದು ಪಾಟಲಿಪುತ್ರ, ಗೃಹಸ್ಥನ ಮಗ. ಸುಕುಮಾರ ಕಲೆ ಕಲಿತಿದ್ದೀಯ ಎಂದು ನಾಯಕಿ ವಸಂತಸೇನೆ ಮೆಚ್ಚಿದಾಗ, ಕಲೆಯೆಂದು ಕಲಿತದ್ದು ಈಗ ಹೊಟ್ಟೆಪಾಡಾಗಿದೆ ಎನ್ನುತ್ತಾನೆ. ಅವಳು ಅವನ ಸಾಲ ತೀರಿಸುತ್ತಾಳೆ. ಅವನು ಬೌದ್ಧ ಭಿಕ್ಷುವಾಗಿ, ಮುಂದೆ ಅವಳ ಜೀವ ಉಳಿಸುವವನೂ ಆಗುತ್ತಾನೆ. ಒತ್ತುವವನು ಕಲಾವಿದನೋ ಕೂಲಿಯವನೋ ಎಂಬ ಇರುಸುಮುರುಸು ಅಷ್ಟು ಹಿಂದಿನಿಂದಲೂ ಇದೆ. ಈ ಕೆಲಸಕ್ಕೆ ಮತ್ತೆ ಮತ್ತೆ ಹೊಸ ಹೆಸರು ಇಡಬೇಕಾಗಿ ಬಂದದ್ದಕ್ಕೂ ಅದೇ ಕಾರಣ ಎಂದು ನನಗನ್ನಿಸುತ್ತದೆ.

ಅದೇ ಪಾಟಲಿಪುತ್ರದಲ್ಲಿ, ಅದು ಪಾಟ್ನಾ ಆದ ಮೇಲೆ, 1759ರಲ್ಲಿ ಹುಟ್ಟಿದವನು ಶೇಖ್ ದೀನ್ ಮಹಮದ್. ಹುಡುಗನಾಗಿದ್ದಾಗಲೇ ಕಂಪನಿಯ ಸೈನ್ಯದ ಹಿಂದೆ ಹೊರಟ. ಬೇಕರ್ ಎಂಬ ಅಧಿಕಾರಿಯ ಜೊತೆ 1784ರಲ್ಲಿ ಐರ್ಲೆಂಡಿನ ಕಾರ್ಕ್ ಊರಿಗೆ ಹೋದ. ಅಲ್ಲಿಯ ಹುಡುಗಿಯನ್ನೇ ಮದುವೆಯಾದ. 1794ರಲ್ಲಿ ತನ್ನ ಪ್ರವಾಸದ ಪುಸ್ತಕ ತಂದ. ಭಾರತೀಯನೊಬ್ಬ ಇಂಗ್ಲಿಷಿನಲ್ಲಿ ಬರೆದು ಪ್ರಕಟಿಸಿದ ಮೊದಲ ಪುಸ್ತಕ ಅದು. 1810ರಲ್ಲಿ ಲಂಡನ್ನಿನಲ್ಲಿ 'ಹಿಂದೂಸ್ತಾನಿ ಕಾಫಿ ಹೌಸ್' ಎಂಬ ಹೋಟೆಲು ತೆರೆದು ಎರಡೇ ವರ್ಷಕ್ಕೆ ದಿವಾಳಿಯಾದ. ಆಮೇಲೆ ಸಮುದ್ರ ತೀರದ ಬ್ರೈಟನ್ನಿಗೆ ಹೋದ. ಉಪ್ಪು ನೀರಿನ ಸ್ನಾನಕ್ಕೆಂದು ಶ್ರೀಮಂತರು ಬರುತ್ತಿದ್ದ ಊರು ಅದು. ಅವರ ಬಿಗಿದ ಕೀಲು, ಸೆಟೆದ ಮಾಂಸಖಂಡಗಳ ಮೇಲೆ ಅವನು ಕೈಯಿಟ್ಟ.

ಅವನ ವಿಧಾನ ನೋಡುವಂತಿತ್ತು. ಮೊದಲು ಗಿಡಮೂಲಿಕೆ ಹಾಕಿದ ಹಬೆಯಲ್ಲಿ ರೋಗಿಯನ್ನು ಬೆವರಿಸುವುದು. ಸುತ್ತ ಫ್ಲಾನೆಲ್ ಬಟ್ಟೆಯ ಗುಡಾರ. ಆ ಗುಡಾರಕ್ಕೆ ಅಂಗಿಯ ತೋಳಿನಂತೆ ತೋಳು ಹೊಲಿದಿರುತ್ತಿತ್ತು. ಒತ್ತುವವರು ಹೊರಗೆ ನಿಂತು, ಆ ತೋಳುಗಳೊಳಗೆ ಕೈ ತೂರಿಸಿ, ಒಳಗಿನ ಮೈಯನ್ನು ಒತ್ತಬೇಕು. ಕೈ ಮಾತ್ರ ಒಳಗೆ, ಆಳು ಹೊರಗೆ. ಮರ್ಯಾದಸ್ಥರ ಮೈ ಮುಟ್ಟುವ ಸಂಕೋಚವನ್ನು ಒಂದು ತುಂಡು ಬಟ್ಟೆಯಲ್ಲಿ ಪರಿಹರಿಸಿದ್ದ. ವಾಸಿಯಾದವರು ಬಿಟ್ಟುಹೋದ ಊರುಗೋಲುಗಳನ್ನು ಸ್ನಾನಗೃಹದ ಗೋಡೆಗೆ ನೇತುಹಾಕುತ್ತಿದ್ದ. ಹರಕೆ ತೀರಿಸಿದ ಗುಡಿಯ ಕಂಬ ನೋಡಿದವರಿಗೆ ಈ ಜಾಹೀರಾತು ಹೊಸದೆನಿಸದು.

ತನ್ನನ್ನು ಅವನು ಕರೆದುಕೊಂಡದ್ದು 'ಶಾಂಪೂಯಿಂಗ್ ಸರ್ಜನ್' ಎಂದು. 1822ರಲ್ಲಿ ಶಾಂಪೂಯಿಂಗ್ ಬಗ್ಗೆ ಪುಸ್ತಕವನ್ನೇ ಬರೆದ. ನಾಲ್ಕನೆಯ ಜಾರ್ಜ್, ಆಮೇಲೆ ನಾಲ್ಕನೆಯ ವಿಲಿಯಂ, ಇಬ್ಬರು ದೊರೆಗಳ ನೇಮಕವೂ ಸಿಕ್ಕಿತು. 'ಒತ್ತು' ಎಂಬ ಅಪ್ಪಣೆಯ ಪಕ್ಕದಲ್ಲಿ 'ಸರ್ಜನ್' ಎಂಬ ಬಿರುದು ಕೂರಿಸಿದ ಧೈರ್ಯ ಸಣ್ಣದಲ್ಲ. ಅದಕ್ಕಾಗಿ ಅವನು ಸ್ವಲ್ಪ ಸುಳ್ಳನ್ನೂ ಹೇಳಿದ. ಸೈನ್ಯದಲ್ಲಿ ವೈದ್ಯನಾಗಿದ್ದೆ ಎನ್ನಲು ಹುಟ್ಟಿದ ವರ್ಷವನ್ನು ಹತ್ತು ವರ್ಷ ಹಿಂದೆ ತಳ್ಳಿದ. 1851ರಲ್ಲಿ ಸತ್ತಾಗ ಸಮಾಧಿಯ ಕಲ್ಲಿನ ಮೇಲೆ ವಯಸ್ಸು 101 ಎಂದು ಕೆತ್ತಿದರು. ನಿಜವಾದ ವಯಸ್ಸು 90ರ ಆಸುಪಾಸು.

ಮಹಮದ್ ಸತ್ತ ಹತ್ತಿಪ್ಪತ್ತು ವರ್ಷಗಳಲ್ಲೇ ಪದ ಮೈಯಿಂದ ತಲೆಗೆ ಏರಿತು. ಕ್ಷೌರದಂಗಡಿಗಳಲ್ಲಿ ಸಾಬೂನು ನೊರೆ ಹಾಕಿ ತಲೆ ತಿಕ್ಕುವುದಕ್ಕೆ ಶಾಂಪೂ ಎಂದರು; ಆಮೇಲೆ ತಿಕ್ಕುವ ಕೆಲಸ ಬಿಟ್ಟು ತಿಕ್ಕಲು ಬಳಸುವ ದ್ರವಕ್ಕೇ ಆ ಹೆಸರು ಅಂಟಿತು. ಜರ್ಮನಿಯ ಶ್ವಾರ್ಟ್ಸ್‌ಕೋಫ್ ಕಂಪನಿ ತನ್ನ ಶಾಂಪೂ ಪುಡಿಯನ್ನು 'ಶೌಂಪೋನ್' ಎಂದು ಮಾರಿದ್ದುಂಟು. ಜರ್ಮನ್ ಭಾಷೆಯಲ್ಲಿ 'ಶೌಮ್' ಎಂದರೆ ನೊರೆ. ಅಲ್ಲಿಗೆ ಬಿಹಾರದ ಹೆಬ್ಬೆರಳಿನ ನೆನಪು ಪೂರ್ತಿ ತೊಳೆದುಹೋಯಿತು. ನಮಗೆ ಶಾಂಪೂ ಮರಳಿ ಬಂದದ್ದು ಈ ನೊರೆಯ ಅರ್ಥದಲ್ಲಿ. ಅದರ ದಾಯಾದಿ 'ಚಂಪಿ' ಮಾತ್ರ ಹಿಂದಿಯಲ್ಲಿ ಮನೆಬಿಟ್ಟು ಹೋಗಿರಲಿಲ್ಲ. ಬೆಂಗಳೂರಿನ ಸಲೂನುಗಳಲ್ಲಿ ಇವತ್ತು ಶಾಂಪೂ ಬಾಟಲಿಯೂ ಚಂಪಿಯೂ ಒಂದೇ ಕನ್ನಡಿಯ ಮುಂದಿವೆ, ಎರಡಕ್ಕೂ ಬೇರೆ ಬೇರೆ ರೇಟು.

ತಲೆಗೇರುವ ಈ ಚಾಳಿ ನಮ್ಮ 'ಅಭ್ಯಂಜನ'ಕ್ಕೂ ಇದೆ. ಮೂಲದಲ್ಲಿ ಅದು ಮೈಗೆಲ್ಲ ಎಣ್ಣೆ ಬಳಿಯುವುದು. 'ಅಂಜನ'ದ ಧಾತುವೇ ಅದರಲ್ಲೂ ಇರುವುದು. ಈಗ ಬಹಳ ಮನೆಗಳಲ್ಲಿ ಅಭ್ಯಂಜನ ಎಂದರೆ ಹಬ್ಬದ ದಿನ ತಲೆಗೆ ಎಣ್ಣೆಯಿಟ್ಟು ನೀರು ಹಾಕಿಕೊಳ್ಳುವುದು. ಹಳೆಯ ಅರ್ಥ ಪೂರ್ತಿಯಾಗಿ ಉಳಿದಿರುವುದು ಬಾಣಂತಿಯ ಎಣ್ಣೆನೀರಿನಲ್ಲಿ, ಕೂಸನ್ನು ಕಾಲ ಮೇಲೆ ಮಲಗಿಸಿಕೊಂಡು ತಿಕ್ಕುವ ಅಜ್ಜಿಯ ಕೈಯಲ್ಲಿ.

ಶಾಂಪೂ ತಲೆಗೆ ಹೋದ ಮೇಲೆ ಇಂಗ್ಲಿಷಿನಲ್ಲಿ ಮೈ ಒತ್ತುವುದಕ್ಕೆ ಬೇರೆ ಪದ ಬೇಕಾಯಿತು. ಫ್ರೆಂಚಿನ 'ಮಸಾಜ್' ಆ ಜಾಗಕ್ಕೆ ಬಂತು. ಅರಬ್ಬೀ ಭಾಷೆಯಲ್ಲಿ 'ಮಸ್ಸ' ಎಂದರೆ ಮುಟ್ಟುವುದು; ನೆಪೋಲಿಯನ್ನನ ಸೈನಿಕರು ಈಜಿಪ್ಟಿನಿಂದ ಆ ಪದ ತಂದರು ಎಂಬ ಕಥೆ ಪ್ರಸಿದ್ಧ. ನೆಪೋಲಿಯನ್ ಈಜಿಪ್ಟಿಗೆ ಇಳಿದದ್ದು 1798ರಲ್ಲಿ. ಆದರೆ 'ಮಸ್ಸೇ' ಎಂಬ ಫ್ರೆಂಚ್ ಕ್ರಿಯಾಪದ 1779ರಲ್ಲೇ ಅಚ್ಚಾಗಿತ್ತು, ಅದೂ ಹಿಂದೂ ಮಹಾಸಾಗರದ ಪ್ರವಾಸಕಥನದಲ್ಲಿ. ಬರೆದವನು ಲೆ ಜಾಂತೀಲ್ ಎಂಬ ಖಗೋಳಜ್ಞ. ಸೂರ್ಯನ ಮುಂದೆ ಶುಕ್ರ ಹಾದುಹೋಗುವುದನ್ನು ನೋಡಲು ಪುದುಚೇರಿಗೆ ಹೊರಟವನು. 1761ರಲ್ಲಿ ಊರು ಇಂಗ್ಲಿಷರ ವಶವಾಗಿ ಹಡಗಿನಲ್ಲೇ ಉಳಿದ. ಎಂಟು ವರ್ಷ ಕಾದು 1769ರಲ್ಲಿ ಪುದುಚೇರಿಯಲ್ಲೇ ದುರ್ಬೀನು ಹೂಡಿ ಕೂತರೆ ಮೋಡ ಕವಿಯಿತು. ಊರಿಗೆ ಮರಳಿದರೆ ಅವನು ಸತ್ತನೆಂದು ಆಸ್ತಿ ಹಂಚಲು ಹೊರಟಿದ್ದರು. ಇಷ್ಟೆಲ್ಲ ಕಳೆದುಕೊಂಡವನು ಈ ಕಡಲ ದಾರಿಯಿಂದ ಒಂದು ಪದವನ್ನಾದರೂ ಕೊಂಡೊಯ್ದ. ಕಣಕ ನಾದುವುದಕ್ಕೆ ಪೋರ್ಚುಗೀಸರು 'ಅಮಸ್ಸಾರ್' ಎನ್ನುತ್ತಾರೆ. ಅವರು ಈ ತೀರಗಳಲ್ಲಿ ಎಷ್ಟು ಕಾಲ ಬೇರೂರಿದ್ದರು ಎಂಬುದನ್ನು ನೆನೆದರೆ, ಮಸಾಜಿನ ಬೇರೂ ನಮ್ಮ ಸಮುದ್ರದಲ್ಲೇ ಇರಬೇಕು ಎಂಬ ಕಡೆಗೇ ನನ್ನ ಒಲವು.

ಮಸಾಜಿನ ಮರ್ಯಾದೆಯೂ ಬಹಳ ಕಾಲ ಬಾಳಲಿಲ್ಲ. ಲಂಡನ್ನಿನ ಮಸಾಜ್ ಮನೆಗಳಲ್ಲಿ ನಡೆಯುವುದು ಬೇರೆಯೇ ವ್ಯಾಪಾರ ಎಂದು 1894ರಲ್ಲಿ ಅಲ್ಲಿಯ ವೈದ್ಯಕೀಯ ಪತ್ರಿಕೆ ಬರೆದದ್ದೇ ತಡ, ನಾಲ್ವರು ನರ್ಸುಗಳು ಸೇರಿ ತರಬೇತಾದ ಮಸಾಜುಗಾರ್ತಿಯರ ಸಂಘ ಕಟ್ಟಿದರು. ಡಾಕ್ಟರರ ಸೂಚನೆಯಿಲ್ಲದೆ ಕೈ ಹಚ್ಚಬಾರದು, ಸಿಕ್ಕಸಿಕ್ಕ ಪತ್ರಿಕೆಯಲ್ಲಿ ಜಾಹೀರಾತು ಕೊಡಬಾರದು ಎಂದು ಕಟ್ಟುನಿಟ್ಟು ಮಾಡಿಕೊಂಡರು. ಅದೇ ಸಂಘ 1944ರಲ್ಲಿ ಹೆಸರಿನಿಂದ ಮಸಾಜನ್ನು ಕೈಬಿಟ್ಟು 'ಫಿಸಿಯೋಥೆರಪಿ'ಯನ್ನು ಹಾಕಿಕೊಂಡಿತು. ಗ್ರೀಕ್ ಬೇರಿನ ಪದಕ್ಕೆ ಕಳಂಕ ಹತ್ತುವುದು ತಡ. ಈಗಿನ 'ಸಾಫ್ಟ್ ಟಿಶ್ಯೂ ಥೆರಪಿ', 'ಮಯೋಫೇಶಿಯಲ್ ರಿಲೀಸ್' ಇತ್ಯಾದಿಗಳೂ ಅದೇ ಸಾಲಿನವು.

ಕನ್ನಡದಲ್ಲಿ ಇಂಥ ಪಲಾಯನ ಕಡಿಮೆ. ಒತ್ತು, ಅಮುಕು, ಹಿಸುಕು, ತಿಕ್ಕು, ಉಜ್ಜು, ನಾದು, ತಟ್ಟು, ತುಳಿ, ನೀವು. ಒಂದೊಂದಕ್ಕೂ ಬೇರೆ ಬಲ, ಬೇರೆ ದಿಕ್ಕು. ಉಳುಕಿದ ಕಾಲನ್ನು ಎಣ್ಣೆ ಹಚ್ಚಿ ನೀವುತ್ತಾರೆ, ಒತ್ತುವುದಿಲ್ಲ. ಗೌರವದ 'ನೀವು' ಮತ್ತು ಈ 'ನೀವು' ಒಂದೇ ಸದ್ದಿನವಾದದ್ದು ಕಾಕತಾಳೀಯ. ಆದರೂ ಅಪ್ಪಣೆಯಿಂದ ಹುಟ್ಟಿದ ಚಾಂಪೋ ಪಕ್ಕದಲ್ಲಿ ಇಟ್ಟು ನೋಡಿದರೆ ಖುಷಿಯಾಗುತ್ತದೆ. ಕಾಲಿನ ಹಿಂಭಾಗದ ಖಂಡಕ್ಕೆ ನಮ್ಮವರು 'ಮೀನಖಂಡ' ಎಂದರು. ರೋಮನ್ನರು ಚರ್ಮದಡಿ ಆಡುವ ಖಂಡದಲ್ಲಿ ಪುಟ್ಟ ಇಲಿಯನ್ನು ಕಂಡರು, 'ಮಸಲ್' ಎಂಬ ಪದ ಆ ಇಲಿಯದು. ಇನ್ನು 'ಒತ್ತು' ಎಂಬುದಂತೂ ದೊಡ್ಡ ಸಂಸಾರಸ್ಥ: ಒತ್ತಕ್ಷರ, ಒತ್ತಾಯ, ಒತ್ತಡ, ರಕ್ತದೊತ್ತಡ. ದೀನ್ ಮಹಮದನ ಮೊಮ್ಮಗ ಫ್ರೆಡರಿಕ್ ಅಕ್ಬರ್ ಮಹಮದ್ ಲಂಡನ್ನಿನ ಗೈಸ್ ಆಸ್ಪತ್ರೆಯಲ್ಲಿ ವೈದ್ಯನಾಗಿ ಅಧ್ಯಯನ ಮಾಡಿದ್ದೂ ಇದೇ ರಕ್ತದೊತ್ತಡವನ್ನು. ಅಜ್ಜ ಮೊಮ್ಮಗ ಇಬ್ಬರ ಕಸುಬನ್ನೂ ಒಂದೇ ಧಾತುವಿನಲ್ಲಿ ಹೇಳಲು ಕನ್ನಡಕ್ಕೆ ಸಾಧ್ಯ.

ಹಾಗೆಂದು ನಮ್ಮಲ್ಲಿ ಒತ್ತುವವರಿಗೆ ಗೌರವ ಕಾದಿತ್ತು ಎಂದೇನಲ್ಲ. ಮೈಸೂರು ದಸರಾದ ವಜ್ರಮುಷ್ಟಿ ಕಾಳಗದಿಂದ ಹೆಸರಾದ ಜಟ್ಟಿಗಳನ್ನು ನೋಡಿ. 1909ರಲ್ಲಿ ಹೊರಬಂದ ತನ್ನ ಜಾತಿ ಬುಡಕಟ್ಟುಗಳ ಸಂಪುಟದಲ್ಲಿ ಬ್ರಿಟಿಷ್ ಅಧಿಕಾರಿ ಥರ್ಸ್ಟನ್, ತೆಲುಗು ಸೀಮೆಯ ಜಟ್ಟಿಗಳು ನರದ ನೋವಿಗೆ ಲೇಪ ಹಚ್ಚಿ 'ಶಾಂಪೂ' ಮಾಡುತ್ತಾರೆ ಎಂದು ಬರೆಯುತ್ತಾನೆ. ಇಂಗ್ಲೆಂಡಿನಲ್ಲಿ ತಲೆಗೇರಿದ್ದ ಪದ ಇಲ್ಲಿಯ ಸರ್ಕಾರಿ ಇಂಗ್ಲಿಷಿನಲ್ಲಿ ಆಗಲೂ ಮೈಯಲ್ಲೇ ಇತ್ತು. ಮಟ್ಟಿಯಲ್ಲಿ ಬಿದ್ದು ಎದ್ದವರಿಗೆ ಕೀಲು, ಸ್ನಾಯುಗಳ ಜ್ಞಾನ ಕೈಗೇ ಬಂದಿರುತ್ತದೆ. ಆ ಜ್ಞಾನ ಪುಸ್ತಕದಲ್ಲಿ ದಾಖಲಾದದ್ದು ಮಾತ್ರ ಜಾತಿಯ ಲಕ್ಷಣವಾಗಿ.

ಈಗ ಕತ್ತು ಹಿಡಿದುಕೊಂಡರೆ ಹೋಗುವುದು ಫಿಸಿಯೋ ಹತ್ತಿರ. ಲ್ಯಾಪ್‌ಟಾಪಿನ ಮುಂದೆ ಬಾಗಿ ಕೂತವರ ಹೆಗಲಲ್ಲಿ ಹೆಬ್ಬೆರಳು ಹುಡುಕುವುದು ಅದೇ ಗಂಟನ್ನು. 'ನರದ ಮೇಲೆ ನರ ಏರಿದೆ' ಎಂದು ಹಿಂದಿನವರು ಹೇಳುತ್ತಿದ್ದದ್ದು ಈಗ 'ಟ್ರಿಗರ್ ಪಾಯಿಂಟ್'. ಒತ್ತಿದರೆ ಲ್ಯಾಕ್ಟಿಕ್ ಆಮ್ಲ ಹಿಂಡಿ ಹೊರಹೋಗುತ್ತದೆ ಎಂಬ ಮಾತು ಇನ್ನೂ ಚಾಲ್ತಿಯಲ್ಲಿದೆ, ನಿಜವಲ್ಲ. ವ್ಯಾಯಾಮದಲ್ಲಿ ಕೂಡಿದ್ದು ಒಂದೆರಡು ಗಂಟೆಯೊಳಗೆ ತಾನಾಗಿಯೇ ಕರಗಿರುತ್ತದೆ. ಕೈಯ ಒತ್ತಡಕ್ಕೆ ಮಿದುಳು ಬಿಗಿಯನ್ನು ಸಡಿಲಿಸುತ್ತದೆ, ನೋವಿನ ಅರಿವು ಸ್ವಲ್ಪ ಹೊತ್ತು ತಗ್ಗುತ್ತದೆ. ಬಹುಕಾಲದ ಬೆನ್ನುನೋವಿಗೆ ಆ ಸ್ವಲ್ಪ ಹೊತ್ತು ಸಾಲದು ಎಂಬುದು ಫಿಸಿಯೋಗಳಿಗೆ ಗೊತ್ತು. ಹಾಗಾಗಿ ಹತ್ತು ನಿಮಿಷ ಒತ್ತಿ, ಅರ್ಧ ಗಂಟೆ ಕೈಕಾಲು ಆಡಿಸಲು ಹೇಳುತ್ತಾರೆ. ಈಗ ಅಪ್ಪಣೆ ಕೊಡುವವರು ಅವರು: "ಕತ್ತು ತಿರುಗಿಸಿ ಸರ್, ಇನ್ನೂ ಸ್ವಲ್ಪ, ಹಿಡ್ಕೊಳ್ಳಿ, ಬಿಡಿ." ಮಲಗಿದವರು ಕೇಳಬೇಕು. ಹೊರಗೆ ಬಂದು ಚಪ್ಪಲಿ ಮೆಟ್ಟುತ್ತ ಮನೆಯವರ ಹತ್ತಿರ ದೂರುತ್ತಾರೆ: "ಐನೂರು ರೂಪಾಯಿ ತಗೊಂಡ್ರು ಕಣೇ, ಸರಿಯಾಗಿ ಒತ್ತಲೇ ಇಲ್ಲ, ಬರೀ ಎಕ್ಸರ್‌ಸೈಜ್ ಮಾಡಿಸಿ ಕಳಿಸಿದ್ರು."