ಸಹಿಯ ವಾಯಿದೆ ಮುಗಿದ ದಿನ

2019ರ ಮೇ 4. ಫೈರ್‌ಫಾಕ್ಸ್ ಬ್ರೌಸರ್ ಬಳಸುವವರು ಕಂಗಾಲಾಗಿದ್ದರು. ಜಾಹೀರಾತು ತಡೆಯೋದು, ಪಾಸ್‌ವರ್ಡ್ ನೆನಪಿಡೋದು, ಹೀಗೆ ಬ್ರೌಸರ್‌ಗೆ ನಾವು ಸೇರಿಸಿಕೊಳ್ಳುವ ಪುಟ್ಟ ಪ್ರೋಗ್ರಾಂಗಳಿವೆಯಲ್ಲ, ಆ ಎಕ್ಸ್‌ಟೆನ್ಷನ್‌ಗಳೆಲ್ಲ ಇದ್ದಕ್ಕಿದ್ದಂತೆ ನಿಂತುಹೋದವು. ಹ್ಯಾಕರ್‌ಗಳ ಕೈವಾಡವಾ? ಅಲ್ಲವೇ ಅಲ್ಲ.

ಸ್ವಲ್ಪ ಹಿಂದಕ್ಕೆ ಹೋಗೋಣ. ಮೊದಲು ಎಕ್ಸ್‌ಟೆನ್ಷನ್‌ಗಳನ್ನು ಯಾರು ಬೇಕಾದರೂ ತುರುಕಬಹುದಿತ್ತು. ನೀವು ಹುಡುಕುವುದೊಂದು, ಪರದೆ ಮೇಲೆ ಬರುವುದು ಇನ್ನೊಂದು. ಅದಕ್ಕೆ 2014ರಲ್ಲಿ ಗೂಗಲ್, ವಿಂಡೋಸ್‌ನ ಕ್ರೋಮ್‌ನಲ್ಲಿ ತನ್ನ ಸ್ಟೋರ್‌ನದ್ದಲ್ಲದ ಎಕ್ಸ್‌ಟೆನ್ಷನ್‌ಗಳಿಗೆ ಬಾಗಿಲು ಹಾಕಿತು. 2015ರ ಫೆಬ್ರವರಿಯಲ್ಲಿ ಫೈರ್‌ಫಾಕ್ಸ್ ತಯಾರಿಸುವ ಮೊಜಿಲ್ಲಾ ಕೂಡ ಹೇಳಿತು: ನಮ್ಮ ಡಿಜಿಟಲ್ ಸಹಿ ಇಲ್ಲದಿದ್ದರೆ ಪ್ರವೇಶವಿಲ್ಲ. ಆ ಡಿಸೆಂಬರ್‌ನ 43ನೇ ಆವೃತ್ತಿಯಲ್ಲಿ ತಪಾಸಣೆ ಶುರುವಾಯ್ತು. ಬೇಡ ಅನ್ನೋರಿಗೆ ಆಫ್ ಮಾಡುವ ಸ್ವಿಚ್ ಇತ್ತು. 2016ರ ಆಗಸ್ಟ್‌ನಲ್ಲಿ, 48ನೇ ಆವೃತ್ತಿಗೆ, ಸಾಮಾನ್ಯ ಬಳಕೆದಾರರಿಂದ ಅದನ್ನೂ ಕಿತ್ತುಕೊಂಡರು. ಯಾಕೆ ಗೊತ್ತಾ? ನೀವು ಒತ್ತಬಹುದಾದ ಸ್ವಿಚ್ಚನ್ನು ಒಳಗೆ ನುಗ್ಗಿದ ಕಳ್ಳ ಪ್ರೋಗ್ರಾಂ ಕೂಡ ಒತ್ತಬಹುದು!

ಎಲ್ಲಾ ಸರಿ. ಆದರೆ ಆ ಸಹಿಗೆ ಆಧಾರವಾದ ಪ್ರಮಾಣಪತ್ರಕ್ಕೂ ವಾಯಿದೆ ಇರುತ್ತೆ. 2019ರಲ್ಲಿ ಅದು ಮುಗಿದೇಹೋಯ್ತು, ನವೀಕರಣವೇ ಆಗಿರಲಿಲ್ಲ. ಸಹಿ ಇದ್ದವೆಲ್ಲ ಸಹಿ ಇಲ್ಲದವಾದವು. ನಿಜವಾದ ಅಪಾಯ ಇದ್ದಿದ್ದು ಟಾರ್ ಬ್ರೌಸರ್‌ನಲ್ಲಿ. ಗುರುತು ಮರೆಸಿ ಕೆಲಸ ಮಾಡುವ ಪತ್ರಕರ್ತರು, ಹೋರಾಟಗಾರರು ಬಳಸುವುದು ಅದನ್ನು. ಅದರಲ್ಲಿ ಅಪಾಯಕಾರಿ ಸ್ಕ್ರಿಪ್ಟ್‌ಗಳನ್ನು ತಡೆಯುವ ನೋಸ್ಕ್ರಿಪ್ಟ್ ಕೂಡ ಸ್ತಬ್ಧವಾಗಿತ್ತು. ಟಾರ್‌ನಲ್ಲಿ ಸ್ವಿಚ್ ಇನ್ನೂ ಉಳಿದಿತ್ತು. ಟಾರ್‌ನವರು ಹೇಳಿದ್ದೇನು? ಸದ್ಯಕ್ಕೆ ಸಹಿ ತಪಾಸಣೆ ಆಫ್ ಮಾಡಿ. ಸರಿಯಾದ ಮೇಲೆ ಮರೆಯದೆ ಮತ್ತೆ ಆನ್ ಮಾಡಿ.

ಎರಡನೇ ಮಾತೇ ಮುಖ್ಯ. ಮೇ 5ರಂದು ಮೊಜಿಲ್ಲಾ ರಿಪೇರಿಗಾಗಿ 66.0.4 ಆವೃತ್ತಿ ಬಿಟ್ಟಿತು. ಆಫ್ ಮಾಡಿದ ಸ್ವಿಚ್ ಮಾತ್ರ ತಾನಾಗಿಯೇ ಆನ್ ಆಗಲ್ಲ, ನೋಡಿ.

ಸಹಿ ಇಲ್ಲದ ಎಕ್ಸ್‌ಟೆನ್ಷನ್ ಬೇಕೇ ಬೇಕಾ? ಡೆವಲಪರ್ ಆವೃತ್ತಿಯನ್ನು ಬೇರೆ ಪ್ರೊಫೈಲ್‌ನಲ್ಲಿ ಇಟ್ಟುಕೊಳ್ಳಿ. ಅಲ್ಲಿ ಬ್ಯಾಂಕಿನ ಲಾಗಿನ್ ಬೇಡ. ಪರೀಕ್ಷೆಗಾದರೆ ತಾತ್ಕಾಲಿಕವಾಗಿ ಲೋಡ್ ಮಾಡಿ, ಬ್ರೌಸರ್ ಮುಚ್ಚಿದರೆ ಅದೂ ಹೋಗುತ್ತೆ. ಅಪ್‌ಡೇಟ್ ಮುಂದೂಡಬೇಡಿ: 2025ರ ಮಾರ್ಚ್ 14ಕ್ಕೆ ಇನ್ನೊಂದು ಪ್ರಮಾಣಪತ್ರದ ವಾಯಿದೆ ಮುಗಿಯಿತು. ಈ ಬಾರಿ ಮೊಜಿಲ್ಲಾ ಮೊದಲೇ ಎಚ್ಚರಿಸಿತ್ತು.

ನಿಮ್ಮ ಬ್ರೌಸರ್‌ನಲ್ಲಿ ಎಷ್ಟು ಎಕ್ಸ್‌ಟೆನ್ಷನ್‌ಗಳಿವೆ? ಇವತ್ತೇ ಒಮ್ಮೆ ಎಣಿಸಿ. ಯಾಕೆ ಹಾಕಿದ್ದು ಅಂತ ನೆನಪಿಲ್ಲದ್ದನ್ನು ತೆಗೆದುಬಿಡಿ.