ನಡುವೆ ಎತ್ತು, ಸುತ್ತ ಹೆಸರು

ಎತ್ತುಗಳ ಹಬ್ಬ ಕಾರಹುಣ್ಣಿಮೆ ಹತ್ತಿರವಾಯಿತೆಂದರೆ ರಾಯಚೂರು ಜಿಲ್ಲೆಯ ಬಳಗಾನೂರು, ಸಿಂಧನೂರು, ಮಸ್ಕಿ ಸೀಮೆಯ ಹೋಟೆಲು ಗೋಡೆಗಳ ಮೇಲೆ ಎತ್ತುಗಳು ಬಂದು ನಿಲ್ಲುತ್ತವೆ. ಕೋಡಿಗೆ ಬಣ್ಣ, ಕೊರಳಿಗೆ ಗೆಜ್ಜೆಸರ, ಹಿಂದೆ ಹಗ್ಗ ಬಿಗಿದ ಕಲ್ಲು. ಪಟ್ಟಣದ ಕಣ್ಣಿಗೆ ಕಲ್ಲೆಳೆಯುವ ಸ್ಪರ್ಧೆಯ ಈ ಪೋಸ್ಟರು ಗಿಜಿಗಿಜಿ ಎನಿಸಬಹುದು: ಮೇಲೆ ದೇವರು, ಪಕ್ಕದಲ್ಲಿ ಮಠದ ಸ್ವಾಮಿಗಳು, ಸುತ್ತ ಸಾಲುಸಾಲು ಮುಖಗಳು, ಬೆರಳಿಡಲು ಜಾಗವಿಲ್ಲ. ಜೋಡೆತ್ತು ಸಾಕಿದವನು ಅದನ್ನು ಓದುವ ಬಗೆಯೇ ಬೇರೆ. ಕಲ್ಲು ಎಷ್ಟು ಟನ್? ಎಷ್ಟು ಹಲ್ಲಿನ ಎತ್ತಿಗೆ? ಬಹುಮಾನ ಏನು, ಕೊಡುವವರು ಯಾರು?

ಅದಕ್ಕೇ ಈ ಪೋಸ್ಟರಿನಲ್ಲಿ ಅಂಕಿಗೆ ಅಷ್ಟು ದಪ್ಪ. ರಾಯಚೂರಿನಲ್ಲಿ ಮುನ್ನೂರು ಕಾಪು ಸಮಾಜ ನಡೆಸುವ ಮುಂಗಾರು ಸಾಂಸ್ಕೃತಿಕ ಹಬ್ಬದಲ್ಲಿ ಮೂರು ದಿನ ಕಲ್ಲೆಳೆಯುವ ಸ್ಪರ್ಧೆ. ಒಂದೂವರೆ ಟನ್‌ನಿಂದ ಶುರುವಾಗಿ 2 ಟನ್, ಎರಡೂವರೆ ಟನ್‌ವರೆಗೆ ಭಾರ ಏರುತ್ತದೆ. ಆಂಧ್ರ, ತೆಲಂಗಾಣದ ಎತ್ತುಗಳೂ ಬರುತ್ತವೆ. ಕನ್ನಡ ಓದಲು ಬಾರದ ರೈತನಿಗೂ 1.5, 2, 2.5 ಎಂಬ ಅಂಕಿ ಅರ್ಥವಾಗುತ್ತದೆ. ಹಲ್ಲಿನ ಲೆಕ್ಕವೂ ಹಾಗೆಯೇ. ಎತ್ತಿಗೆ ಹಾಲುಹಲ್ಲು ಬಿದ್ದು ಜೋಡಿಜೋಡಿಯಾಗಿ ಗಟ್ಟಿ ಹಲ್ಲು ಬರುತ್ತವೆ. ಎರಡು, ನಾಲ್ಕು, ಆರು, ಆಮೇಲೆ ಬಾಯಿಗೂಡಿದ ಎತ್ತು. ಎಳೆಯ ಜೋಡಿಯನ್ನು ಬಲಿತ ಜೋಡಿಯ ಎದುರು ಕಟ್ಟದಿರಲು ಈ ಒಂದು ಸಾಲು ಬೇಕೇ ಬೇಕು.

ಈ ವಿನ್ಯಾಸದ ಬೇರು ಕುಸ್ತಿಯ ಹ್ಯಾಂಡ್‌ಬಿಲ್ಲಿನಲ್ಲಿದೆ. ಜಾತ್ರೆಯ ಕುಸ್ತಿಗೆ ಗುಲಾಬಿ, ಹಳದಿ ಬಣ್ಣದ ತೆಳು ಕಾಗದ. ಒಂದೇ ಮಸಿಯಲ್ಲಿ ಅಚ್ಚು ಹಾಕಿದರೂ ಕಾಗದವೇ ಬಣ್ಣ ಕೊಡುತ್ತಿತ್ತು, ಖರ್ಚು ಉಳಿಯುತ್ತಿತ್ತು. ಕಂಪೋಸಿಟರ್ ಒಂದೊಂದೇ ಅಚ್ಚುಮೊಳೆಯನ್ನು ಗೂಡಿನಿಂದ ಹೆಕ್ಕಿ ತಲೆಕೆಳಗಾಗಿ ಜೋಡಿಸಬೇಕಿತ್ತು. ‘ಕುಸ್ತಿ’ ಎಂದು ದೊಡ್ಡದಾಗಿ ಕೂರಿಸಿದರೆ ಸಕಾರದ ಕೆಳಗಿನ ಒತ್ತಿಗೆ ಇನ್ನಷ್ಟು ಜಾಗ ಬಿಡಬೇಕಿತ್ತು. ಹಾಗಾಗಿ ಕನ್ನಡದ ಸಾಲುಗಳ ನಡುವೆ ಇಂಗ್ಲಿಷಿಗಿಂತ ಹೆಚ್ಚು ಅಂತರ. ದೊಡ್ಡ ಮೊಳೆ ಮುಗಿದರೆ ಮುಂದಿನ ಸಾಲಿಗೆ ಬೇರೆ ಅಳತೆಯದು. ಒಂದೇ ಕರಪತ್ರದಲ್ಲಿ ನಾಲ್ಕಾರು ಬಗೆಯ ಅಕ್ಷರ ಕಾಣುತ್ತಿದ್ದುದರ ಗುಟ್ಟು ಇದು. ಇಂದಿನ ಕಂಪ್ಯೂಟರಿನಲ್ಲಿ ಅಕ್ಷರಕ್ಕೆ ಬರವಿಲ್ಲ, ಆದರೂ ಆ ಬೆರಕೆಯ ರುಚಿ ಹೋಗಿಲ್ಲ. ಬುಡದಲ್ಲಿ ಮುದ್ರಣಾಲಯದ ಹೆಸರೂ ಊರೂ ಇರುತ್ತಿತ್ತು. ಅದು 1867ರ ಮುದ್ರಣಾಲಯ ಕಾಯ್ದೆಯ ಕಟ್ಟಳೆಯಾಗಿತ್ತು.

ಆ ಹಾಳೆಯ ಮಾತು ಕೂಡ ಗಮನಿಸುವಂಥದ್ದು. ‘ಜಂಗಿ ನಿಕಾಲಿ ಕುಸ್ತಿ’, ‘ಇನಾಮು’, ‘ಪೈಲ್ವಾನ’. ನಿಕಾಲಿ ಎಂದರೆ ಗೆಲುವು-ಸೋಲು ತೀರ್ಮಾನವಾಗುವವರೆಗೆ ಹಿಡಿತ. ರಾಯಚೂರು 1948ರವರೆಗೆ ನಿಜಾಮರ ಸೀಮೆ. ಉರ್ದು ಕಚೇರಿಯಲ್ಲಿತ್ತು, ಅಖಾಡದಲ್ಲೂ ಇತ್ತು.

ಲಂಗೋಟ ಕಟ್ಟಿದ ಪೈಲ್ವಾನನ ಚಿತ್ರ ಇಲ್ಲಿ ಯಾರಿಗೂ ಮುಜುಗರ ತಂದಿದ್ದಿಲ್ಲ. ಎಲ್ಲೆಡೆ ಹೀಗಿರಲಿಲ್ಲ: 1912ರ ಸ್ಟಾಕ್‌ಹೋಮ್ ಒಲಿಂಪಿಕ್ಸಿನ ಪೋಸ್ಟರಿನಲ್ಲಿ ಕಲಾವಿದ ಒಲ್ಲೆ ಯೋರ್ಟ್ಸ್‌ಬರ್ಗ್ ಬರಿಮೈ ಆಟಗಾರನ ಸೊಂಟಕ್ಕೆ ರಿಬ್ಬನ್ನು ಹಾರಿಸಿ ಮಾನ ಮುಚ್ಚಬೇಕಾಯಿತು. ಆದರೂ ಕೆಲವು ದೇಶಗಳು ಅದನ್ನು ಅಂಟಿಸಲು ಒಪ್ಪಲಿಲ್ಲ.

ಫ್ಲೆಕ್ಸ್ ಬಂದ ಮೇಲೆ ಮುಖಗಳು ಹೆಚ್ಚಾದವು. ಇದನ್ನು ಬರೀ ಮೆರೆದಾಟ ಎಂದು ತಳ್ಳಿಹಾಕುವುದು ಅನ್ಯಾಯ. ಊರಿನ ಸ್ಪರ್ಧೆ ನಡೆಯುವುದು ದೇಣಿಗೆಯಿಂದ. ಮೊದಲ ಬಹುಮಾನ ಒಬ್ಬರದು, ಎರಡನೆಯದು ಇನ್ನೊಬ್ಬರದು, ಬೆಳ್ಳಿ ಕಡಗ ಮತ್ತೊಬ್ಬರದು. ಹೆಸರು ಅಚ್ಚಾಯಿತೆಂದರೆ ಮಾತು ಊರೆದುರು ಕೊಟ್ಟಂತೆ, ಹಿಂದೆ ಸರಿಯುವಂತಿಲ್ಲ. ‘ನಿರ್ಣಾಯಕರ ತೀರ್ಮಾನವೇ ಅಂತಿಮ’ ಎಂಬ ಸಣ್ಣಕ್ಷರದ ಸಾಲು ಬುಡದಲ್ಲಿರುವುದೂ ಅದಕ್ಕೇ. ಕಣದಲ್ಲಿ ತಕರಾರು ಎದ್ದಾಗ ಅದೇ ಹಾಳೆ ಜೇಬಿನಿಂದ ಹೊರಬರುತ್ತದೆ. ಇಷ್ಟನ್ನೆಲ್ಲ ಹೊರಬೇಕಾದ ಪೋಸ್ಟರಿಗೆ ಖಾಲಿ ಜಾಗ ಬಿಡುವ ಸೊಗಸು ಒಗ್ಗುವುದು ಕಷ್ಟ.

2014ರಲ್ಲಿ ಪ್ರೊ ಕಬಡ್ಡಿ ಟಿವಿಗೆ ಬಂದ ಬಳಿಕ ಕಬಡ್ಡಿಯ ಪೋಸ್ಟರುಗಳು ಬೇರೆ ದಾರಿ ಹಿಡಿದವು: ಕಪ್ಪು ಹಿನ್ನೆಲೆ, ಬೆಂಕಿಯ ಕಿಡಿ, ತೊಡೆ ತಟ್ಟುವ ಆಟಗಾರ. ಎತ್ತಿನ ಪೋಸ್ಟರು ಮಾತ್ರ ಅಷ್ಟು ಬದಲಾಗಲಿಲ್ಲ. 2016ರ ಮಾರ್ಚಿನಲ್ಲಿ ರಾಜ್ಯ ಸರ್ಕಾರ ಪ್ಲಾಸ್ಟಿಕ್ ಫ್ಲೆಕ್ಸ್ ನಿಷೇಧಿಸಿತು. ಈಗ ಅದೇ ಚಿತ್ರ ವಾಟ್ಸಾಪಿನಲ್ಲಿ ಊರಿಂದ ಊರಿಗೆ ಹೋಗುತ್ತದೆ. ಅಂಗೈಯಗಲದ ಪರದೆಯಲ್ಲಿ ಮುಖಗಳು ಕಾಳಿನಷ್ಟಾಗುತ್ತವೆ. ರೈತ ಎರಡು ಬೆರಳಿನಿಂದ ಚಿತ್ರ ಹಿಗ್ಗಿಸುತ್ತಾನೆ, ದೇವರನ್ನೂ ಸ್ವಾಮಿಗಳನ್ನೂ ದಾಟಿ ಕೆಳಗಿಳಿಯುತ್ತಾನೆ, ಟನ್ನಿನ ಹತ್ತಿರ ನಿಲ್ಲುತ್ತಾನೆ.