ಸಿಂಪಿ ತಿಂದರೆ ಲೈಂಗಿಕ ಶಕ್ತಿ ಹೆಚ್ಚುತ್ತದೆಯೇ? ವಿಜ್ಞಾನ ಏನು ಹೇಳುತ್ತದೆ?

ಸಾರಾಂಶ
ಆಯ್ಸ್ಟರ್ ಅಂದರೆ ಸಿಂಪಿ, ಮರುವಾಯಿ ಮುಂತಾದ ಚಿಪ್ಪುಮೀನುಗಳನ್ನು ತಿಂದರೆ ಲೈಂಗಿಕ ಆಸಕ್ತಿ ಹೆಚ್ಚುತ್ತದೆ, ಇದು ವಿಜ್ಞಾನದಲ್ಲೇ ಸಾಬೀತಾಗಿದೆ ಎಂಬ ಮಾತನ್ನು ನೀವೂ ಕೇಳಿರಬಹುದು. ಇವು ಪೌಷ್ಟಿಕ ಆಹಾರ ಎನ್ನುವುದು ನಿಜ. ಆದರೆ ‘ಸಾಬೀತಾಗಿದೆ’ ಎನ್ನುವುದು ಸರಿಯಲ್ಲ.

‘ಸಾಬೀತಾಗಿದೆ’ ಎಂಬ ಸುದ್ದಿ ಎಲ್ಲಿಂದ ಬಂತು?
2005ರಲ್ಲಿ ಅಮೆರಿಕದ ಸ್ಯಾನ್ ಡಿಯಾಗೋದಲ್ಲಿ ಅಮೆರಿಕನ್ ಕೆಮಿಕಲ್ ಸೊಸೈಟಿಯ ಸಭೆ ನಡೆಯಿತು. ಚಿಪ್ಪುಮೀನುಗಳಲ್ಲಿ ಡಿ-ಆಸ್ಪಾರ್ಟಿಕ್ ಆಮ್ಲ ಎಂಬ ಅಮೈನೋ ಆಮ್ಲವಿದೆ ಎಂದು ಅಮೆರಿಕ ಮತ್ತು ಇಟಲಿಯ ಸಂಶೋಧಕರು ಅಲ್ಲಿ ತಿಳಿಸಿದರು. ಇದನ್ನು ಚುಚ್ಚುಮದ್ದಾಗಿ ಕೊಟ್ಟಾಗ ಇಲಿಗಳಲ್ಲಿ ಟೆಸ್ಟೊಸ್ಟೆರಾನ್ ಹಾರ್ಮೋನ್ ಹೆಚ್ಚಿದ್ದು ಅದಕ್ಕೂ ಮೊದಲೇ ಗೊತ್ತಿತ್ತು. ಯಾರಿಗೂ ಸಿಂಪಿ ತಿನ್ನಿಸಿ ಪರೀಕ್ಷೆ ಮಾಡಿರಲಿಲ್ಲ. ಆದರೂ ಸುದ್ದಿ ಮಾತ್ರ ‘ಸಾಬೀತಾಯಿತು’ ಎಂದೇ ಹರಡಿತು.

ಮನುಷ್ಯರಲ್ಲಿ ಪರೀಕ್ಷಿಸಿದಾಗ?
2009ರಲ್ಲಿ 23 ಪುರುಷರಿಗೆ ದಿನಕ್ಕೆ ಸುಮಾರು 3 ಗ್ರಾಂ ಡಿ-ಆಸ್ಪಾರ್ಟಿಕ್ ಆಮ್ಲವನ್ನು 12 ದಿನ ಕೊಟ್ಟಾಗ ಟೆಸ್ಟೊಸ್ಟೆರಾನ್ ಏರಿತು. ಆದರೆ 2013ರಲ್ಲಿ ತೂಕ ಎತ್ತುವ ವ್ಯಾಯಾಮ ಮಾಡುವ ಪುರುಷರಿಗೆ 3 ಗ್ರಾಂನಂತೆ 28 ದಿನ ಕೊಟ್ಟರೂ ಬದಲಾವಣೆ ಕಾಣಲಿಲ್ಲ. 2015ರ ಅಧ್ಯಯನದಲ್ಲಿ 6 ಗ್ರಾಂ ಕೊಟ್ಟಾಗ ಟೆಸ್ಟೊಸ್ಟೆರಾನ್ ಕಡಿಮೆಯೇ ಆಯಿತು. ಇವೆಲ್ಲ ಪೂರಕಗಳ ಪರೀಕ್ಷೆ, ಊಟದ ತಟ್ಟೆಯ ಸಿಂಪಿಯದ್ದಲ್ಲ.

ಹಾಗಾದರೆ ಸತು?
ಸಿಂಪಿಯಲ್ಲಿ ಸತು, ಅಂದರೆ ಝಿಂಕ್, ಬಹಳ ಹೆಚ್ಚು. ಐಸಿಎಂಆರ್ ಪ್ರಕಾರ ವಯಸ್ಕ ಪುರುಷರಿಗೆ ದಿನಕ್ಕೆ 17 ಮಿ.ಗ್ರಾಂ ಸತು ಬೇಕು; ಹಲವು ಜಾತಿಯ ಸಿಂಪಿಗಳ 100 ಗ್ರಾಂ ಮಾಂಸದಲ್ಲೇ ಹೆಚ್ಚುಕಡಿಮೆ ಅಷ್ಟು ಸಿಗುತ್ತದೆ. ಭಾರತ ಮೂಲದ ವೈದ್ಯ ಆನಂದ ಪ್ರಸಾದ್ ಅವರ ತಂಡ 1996ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಆಹಾರದಲ್ಲಿ ಸತು ಕಡಿಮೆ ಮಾಡಿದ ಯುವಕರ ಟೆಸ್ಟೊಸ್ಟೆರಾನ್ 20 ವಾರಗಳಲ್ಲಿ ಇಳಿಯಿತು. ಸತುವಿನ ಕೊರತೆಯಿದ್ದ ಹಿರಿಯರಿಗೆ ಆರು ತಿಂಗಳು ಸತು ಕೊಟ್ಟಾಗ ಏರಿತು. ಅಂದರೆ ಕೊರತೆ ಇದ್ದವರಿಗೆ ಸತುವಿನಿಂದ ಉಪಯೋಗವಿದೆ. ಸಾಕಷ್ಟು ಇರುವವರು ಇನ್ನಷ್ಟು ತಿಂದರೆ ‘ಶಕ್ತಿ’ ಹೆಚ್ಚುತ್ತದೆ ಎಂದು ಇದರ ಅರ್ಥವಲ್ಲ.

ಮೀನು ತಿನ್ನುವ ದಂಪತಿಗಳ ಅಧ್ಯಯನ
ಹಾರ್ವರ್ಡ್ ಸಂಶೋಧಕರು 2018ರಲ್ಲಿ ಅಮೆರಿಕದ 501 ದಂಪತಿಗಳ ಮಾಹಿತಿ ಪ್ರಕಟಿಸಿದರು. ವಾರಕ್ಕೆ ಎರಡಕ್ಕಿಂತ ಹೆಚ್ಚು ಬಾರಿ ಸಮುದ್ರಾಹಾರ ತಿಂದವರಲ್ಲಿ 92% ದಂಪತಿಗಳಿಗೆ ವರ್ಷದೊಳಗೆ ಗರ್ಭಧಾರಣೆಯಾಗಿತ್ತು. ಕಡಿಮೆ ತಿಂದವರಲ್ಲಿ 79%. ಹೆಚ್ಚು ತಿಂದವರಲ್ಲಿ ಲೈಂಗಿಕ ಸಂಪರ್ಕವೂ ಹೆಚ್ಚಿತ್ತು. ಆದರೆ ಇದು ಗಮನಿಸಿ ದಾಖಲಿಸಿದ ಅಧ್ಯಯನ. ಮೀನೇ ಕಾರಣ ಎಂದು ಇದರಿಂದ ಹೇಳಲಾಗದು.

ಎಚ್ಚರ ಎಲ್ಲಿ ಬೇಕು?
ಹಸಿ ಸಿಂಪಿಯಲ್ಲಿ ವಿಬ್ರಿಯೋ ಬ್ಯಾಕ್ಟೀರಿಯಾ ಇರಬಹುದು. ಯಕೃತ್ತಿನ ಕಾಯಿಲೆ ಅಥವಾ ಮಧುಮೇಹ ಇರುವವರಿಗೆ ಈ ಸೋಂಕು ಪ್ರಾಣಕ್ಕೇ ಅಪಾಯ. ಹಾಗಾಗಿ ಕರಾವಳಿಯ ಮರುವಾಯಿ ಸುಕ್ಕದಂತೆ ಚೆನ್ನಾಗಿ ಬೇಯಿಸಿಯೇ ತಿನ್ನಿ.

ಇನ್ನೂ ಮುಖ್ಯವಾದದ್ದು: ನಿಮಿರುವಿಕೆಯ ಸಮಸ್ಯೆ ಮಧುಮೇಹ, ರಕ್ತದೊತ್ತಡ ಅಥವಾ ಹೃದ್ರೋಗದ ಮುನ್ಸೂಚನೆ ಆಗಿರಬಹುದು. ಸಂಕೋಚದಿಂದ ಮನೆಮದ್ದು ಹುಡುಕುತ್ತಾ ಕೂತರೆ ಮೂಲ ಕಾಯಿಲೆ ಬೆಳೆಯುತ್ತದೆ. ಸಮಸ್ಯೆ ಮುಂದುವರಿದರೆ ವೈದ್ಯರನ್ನು ಕಾಣಿ.

ತೀರ್ಮಾನ
ಸಿಂಪಿ ಒಳ್ಳೆಯ ಆಹಾರ, ಕಾಮೋತ್ತೇಜಕ ಔಷಧಿಯಲ್ಲ. ‘ಸಾಬೀತಾಗಿದೆ’ ಎಂಬ ಸಂದೇಶ ಬಂದರೆ ಫಾರ್ವರ್ಡ್ ಮಾಡುವ ಮುನ್ನ ಒಂದು ಪ್ರಶ್ನೆ ಕೇಳಿ: ಪರೀಕ್ಷೆ ನಡೆದದ್ದು ಯಾರ ಮೇಲೆ?